ಒಂಬತ್ತು ಅಡಿ

ಮೂರನೆಯ ಗುರುವಾರ ಸಂಜೆ ಆರಕ್ಕೆ
ಲೈಬ್ರರಿಯ ನೆಲಮಾಳಿಗೆಯಲ್ಲಿ ಕುರ್ಚಿ ಹಾಕುವವನು ನಾನೇ.
ನಲವತ್ತು ಹಾಕು ವರ್ಲಿನ್, ಎನ್ನುತ್ತಾಳೆ ಮಿಸ್ ಗ್ರೆಟಾ ಪ್ರತಿ ಸಲ.
ಹದಿಮೂರು ಜನ ಬರುತ್ತಾರೆ.
ಅದರಲ್ಲಿ ಇಬ್ಬರು ಕಾಫಿಗೆ,
ಒಬ್ಬ, ಇಲ್ಲಿ ಬೆಚ್ಚಗಿರುತ್ತದೆಂದು.

ಹತ್ತೊಂಬತ್ತು ವರ್ಷದಲ್ಲಿ ಏನೇನು ಕೇಳಿಲ್ಲ ನಾನು,
ಬಾಗಿಲ ಬಳಿ ನಿಂತು, ಪೊರಕೆಯ ಹಿಡಿಗೆ ಗದ್ದವೂರಿ:
ರೈಲ್ವೆ ಮುಷ್ಕರ, ಬ್ಯಾಂಕುಗಳು ಬಾಗಿಲು ಹಾಕಿದ ವರ್ಷ,
ವೋಟು ಹಾಕಲು ತೆತ್ತ ಒಂದೂವರೆ ಡಾಲರಿನ ರಸೀದಿ,
ಜೈಲಿನಲ್ಲಿ ಹೆಂಗಸರು ಊಟ ಬಿಟ್ಟದ್ದು.
ಪರದೆಯ ಮೇಲೆ ಎಷ್ಟೋ ಅಧ್ಯಕ್ಷರು ಬಂದುಹೋದರು,
ನಾನು ಬದಲಿಸಿದ್ದು ಪ್ರೊಜೆಕ್ಟರಿನ ಬಲ್ಬನ್ನು ಮಾತ್ರ, ಮೂರು ಸಲ.
ಇತಿಹಾಸವೆಂದರೆ ಬೇರೆ ಊರಲ್ಲಿ ಆಗುವಂಥದು
ಎಂದುಕೊಂಡಿದ್ದೆ.

ಮೊನ್ನೆ ಬಂದವಳು ಡಾಕ್ಟರ್ ಆಸ್ಟ್ರಾಂಡರ್:
ಮೋಟುಗೂದಲು, ಗಂಡಸರ ಕೈಗಡಿಯಾರ.
ವಿಷಯ, ಸಾರ್ವಜನಿಕ ಈಜುಕೊಳಗಳು.
ಈಜುಕೊಳದ ಬಗ್ಗೆ ಒಂದು ತಾಸು! ಒಳಗೊಳಗೇ ನಕ್ಕೆ.

ಕಪ್ಪು ಜನರೂ ನೀರಿಗಿಳಿಯಬಹುದು ಎಂದು ಕೋರ್ಟು ಹೇಳಿದಾಗ
ಎಷ್ಟೋ ಊರುಗಳು ಕೊಳ ಮಾರಿಕೊಂಡವು, ಬೀಗ ಜಡಿದವು,
ಕೆಲವು ಮಣ್ಣು ತುಂಬಿದವು, ಎಂದಳು.
ಎದುರಿನವನಿಗೆ ಅಪಶಕುನವಾಗಲೆಂದು
ತನ್ನ ಮೂಗನ್ನೇ ಕೊಯ್ದುಕೊಂಡ ಹಾಗೆ.
ಆಮೇಲೊಂದು ಫೋಟೊ:
ಬಿಳಿ ಮೆಟ್ಟಿಲು, ಜಿಗಿಹಲಗೆ, ಹಿಂದೆ ನೀರಿನ ಟ್ಯಾಂಕು,
ಟ್ಯಾಂಕಿನ ಹೊಟ್ಟೆಯ ಮೇಲೆ ನಮ್ಮೂರಿನ ಹೆಸರು.

'ಈ ಕೊಳ ಎಲ್ಲಿತ್ತೆಂದು ಯಾವ ದಾಖಲೆಯಲ್ಲೂ ಸಿಗಲಿಲ್ಲ.
ನಿಮಗೆ ಯಾರಿಗಾದರೂ ಗೊತ್ತೆ?'

ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು.
ಮೊಳೆ ಅಂಗಡಿಯ ಮುದುಕ ಥರ್ಮನ್
ತನ್ನ ಟೋಪಿಯೊಳಗೆ ಏನನ್ನೋ ಹುಡುಕತೊಡಗಿದ.

ನನಗೆ ಗೊತ್ತಿತ್ತು.
ಪ್ರತಿ ಏಪ್ರಿಲ್, ಮಳೆ ನಿಂತ ಮೇಲೆ,
ಲೈಬ್ರರಿಯ ಪಾರ್ಕಿಂಗ್ ಜಾಗದ ಡಾಂಬರು ಬಿರಿಯುತ್ತದೆ,
ಅಡ್ಡಾದಿಡ್ಡಿ ಅಲ್ಲ, ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ,
ಉದ್ದಕ್ಕೆ ಮೂವತ್ತು ಹೆಜ್ಜೆ, ಅಡ್ಡಕ್ಕೆ ಹದಿನಾಲ್ಕು.
ಗೆರೆಯೊಳಗಿನ ನೆಲ ಕುಸಿಯುತ್ತದೆ
ವರ್ಷಕ್ಕೊಂದು ನಾಣ್ಯದ ದಪ್ಪದಷ್ಟು.
ಬಕೆಟ್ಟಿನಲ್ಲಿ ಟಾರು ಕಾಯಿಸಿ ಬಿರುಕು ಮುಚ್ಚುವವನೂ ನಾನೇ;
ಮುಂದಿನ ಏಪ್ರಿಲ್‌ಗೆ ಅದು ಮತ್ತೆ ಬಾಯಿ ಬಿಡುತ್ತದೆ.

ಆ ಬೇಸಿಗೆ ನಮ್ಮಪ್ಪ ಕೌಂಟಿಗೆ ಟ್ರಕ್ಕು ಓಡಿಸುತ್ತಿದ್ದ.
ಕೆಮ್ಮಣ್ಣು. ಲೋಡಿಗೆ ಎರಡು ಡಾಲರು.
ಆ ದುಡ್ಡಿನಲ್ಲಿ ನನಗೊಂದು ಸೈಕಲ್ಲು ಬಂತು.
ಅದನ್ನು ಇತಿಹಾಸವೆಂದು ಯಾರೂ ಕರೆದಿರಲಿಲ್ಲ.

ಹಿಂದಿನ ಸಾಲಿನಿಂದ, ಏಳದೆಯೇ,
ಮಾತಾಡಿದವಳು ಆರ್ಡೀಲಿಯಾ ಪೆಟ್ವೇ,
ಎಂದೂ ಪ್ರಶ್ನೆ ಕೇಳದವಳು:
'ಜಿಗಿಹಲಗೆಯ ಕೆಳಗೆ ಒಂಬತ್ತು ಅಡಿ ಆಳ.
ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು.
ಬೇಲಿಯ ಈಚೆಯಿಂದ ಓದಿದ್ದೆ. ನನಗೂ ಆಗ ಒಂಬತ್ತೇ.
ಆ ಅಂಕಿ ನನ್ನ ವಯಸ್ಸು ಅಂದುಕೊಂಡಿದ್ದೆ,
ನನಗೋಸ್ಕರ ಬರೆದದ್ದು ಅಂತ.'

ಡಾಕ್ಟರ್ ಆಸ್ಟ್ರಾಂಡರ್ ಬರೆದುಕೊಂಡಳು: ಒಂಬತ್ತು.
ಎಲ್ಲಿತ್ತೆಂದು ಯಾರೂ ಹೇಳಲಿಲ್ಲ.
ಮತ್ತಾರೋ ಆಸ್ತಿ ತೆರಿಗೆಯ ಬಗ್ಗೆ ಕೇಳಿದರು,
ಚಪ್ಪಾಳೆಯಾಯಿತು, ಬಿಸ್ಕತ್ತು ಉಳಿಯಿತು.
ಕೂರದ ಇಪ್ಪತ್ತೇಳು ಕುರ್ಚಿಗಳನ್ನು ಮೊದಲು ಮಡಚಿದೆ.

ಕತ್ತಲಾಗಿತ್ತು. ಅವಳನ್ನು ಕಾರಿನವರೆಗೆ ಬಿಡಲು ಹೋದೆ.
ನಡುವೆ ನಿಂತಳು. ನನ್ನ ಹೋದ ವರ್ಷದ ಟಾರಿನ ಗೆರೆಯನ್ನು
ಊರುಗೋಲಿನ ತುದಿಯಿಂದ ಎರಡು ಸಲ ಕುಟ್ಟಿದಳು,
ಬಾಗಿಲು ತಟ್ಟುವ ಹಾಗೆ.
'ಇಲ್ಲೇ ಅಲ್ಲವೆ?'
ಹೌದಮ್ಮ, ಎಂದೆ.
'ಯಾರು ತುಂಬಿದ್ದು?'

ಅಪ್ಪನ ಕೈ ನೆನಪಾಯಿತು,
ಉಗುರಿನಡಿ ವಾರಗಟ್ಟಲೆ ಹೋಗದ ಕೆಂಪು.
ಕೌಂಟಿಯವರು, ಎಂದೆ.

ಅವಳು ಏನೂ ಹೇಳಲಿಲ್ಲ. ಕನ್ನಡಿ ಸರಿಮಾಡಿಕೊಂಡು
ಕಾರನ್ನು ಹಿಂದಕ್ಕೆ ತೆಗೆದಳು, ಬಹಳ ನಿಧಾನ,
ಆಳದ ಕಡೆಯಿಂದ
ಆಳವಿಲ್ಲದ ಕಡೆಗೆ.